ದೇವಯಾನಿಯ ಕಡೆಯಿಂದ ಒಂದು ಮಿಂಚು

ಕೇಳುಗರಿಗೆ ನಮಸ್ಕಾರ.

ಕಾರ್ತಿಕದ ಅಮಾವಾಸ್ಯೆ ರಾತ್ರಿ ಊರ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ಮುಖಮಾಡಿ ನಿಂತರೆ, ಕನ್ನಡಕದ ಗಾಜಿನ ಮೇಲೆ ಉಸಿರು ಬಿಟ್ಟಂಥ ಒಂದು ಮಸುಕು ಕಾಣುತ್ತದೆ. ಅದು ದೇವಯಾನಿ ಗೆಲಾಕ್ಸಿ, ಆಂಡ್ರೊಮಿಡಾ. ಸುಮಾರು ಲಕ್ಷ ಕೋಟಿ ನಕ್ಷತ್ರಗಳ ಬೆಳಕು ಬೆರೆತು ಅಷ್ಟೇ ಅಷ್ಟಾಗಿದೆ. ಅಲ್ಲಿಂದ ಯಾರಾದರೂ ನಮ್ಮತ್ತ ಲೇಸರ್ ಬೀರಿದರೆ ನಮಗೆ ತಿಳಿದೀತೇ?

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಮರುವರ್ಷವೇ ಶ್ವಾರ್ಟ್ಸ್ ಮತ್ತು ಟೌನ್ಸ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಅನ್ಯಲೋಕದವರ ಸುದ್ದಿ ಬೆಳಕಿನಲ್ಲೂ ಬರಬಹುದು.

ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಬೆಳಕು ಸಾಗುವುದು ಶಾಲೆಮಕ್ಕಳ ಸ್ಕೇಲಿನಷ್ಟು, ಒಂದೇ ಅಡಿ. ಆ ಕ್ಷಣದಲ್ಲಿ ದೂರದ ನಕ್ಷತ್ರದಿಂದ ದೂರದರ್ಶಕಕ್ಕೆ ಬೀಳುವ ಬೆಳಕಿನ ಕಣಗಳು ತೀರಾ ಕಡಿಮೆ. ಪ್ರಬಲ ಲೇಸರಿನ ಮಿಡಿತವನ್ನು ದೊಡ್ಡ ಕನ್ನಡಿಯಿಂದ ಒಂದೇ ದಿಕ್ಕಿಗೆ ಬಿಟ್ಟರೆ, ಆ ಒಂದು ಗಳಿಗೆ ಅದು ತನ್ನ ಸೂರ್ಯನನ್ನೇ ಮಂಕಾಗಿಸುತ್ತದೆ. ಆದರೆ ಬಾಹ್ಯಾಕಾಶದಿಂದ ಬರುವ ಸೂಕ್ಷ್ಮ ಕಣ, ಅಂದರೆ ಕಾಸ್ಮಿಕ್ ಕಿರಣವೊಂದು ತಗುಲಿದರೂ ಉಪಕರಣ ಮಿಂಚಿತೆಂದು ಹೇಳಿಬಿಡುತ್ತದೆ. ಅದಕ್ಕೇ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್‌ನವರು ಬೇರೆ ಬೇರೆ ಊರುಗಳಿಂದ ಏಕಕಾಲಕ್ಕೆ ಒಂದೇ ನಕ್ಷತ್ರವನ್ನು ನೋಡಿದರು. ಎರಡೂ ಕಡೆ ಕಂಡರೆ ಮಾತ್ರ ಲೆಕ್ಕಕ್ಕೆ.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಲೂಬಿನ್ ಮತ್ತು ವಿದ್ಯಾರ್ಥಿಗಳು ಹಿಡಿದ ದಾರಿ ನನಗೆ ಇನ್ನೂ ಇಷ್ಟ. ದೇವಯಾನಿಯ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವುದು, ಹಳೆಯದನ್ನು ಹೊಸದರಿಂದ ಕಳೆಯುವುದು, ಹೊಸ ಚುಕ್ಕೆ ಉಳಿಯಿತೇ ಎಂದು ಹುಡುಕುವುದು. ಸಿಡಿದ ನಕ್ಷತ್ರ, ಅಡ್ಡ ಹಾದ ಉಪಗ್ರಹ ಎಲ್ಲವನ್ನೂ ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ತೆಗೆಯಬೇಕು. ನಕ್ಷತ್ರಗಳನ್ನು ಒಂದೊಂದಾಗಿ ನೋಡುವುದು ಮನೆಮನೆಯ ಬಾಗಿಲು ತಟ್ಟಿದಂತೆ. ಇದು ಗುಡ್ಡ ಹತ್ತಿ ಇಡೀ ಊರನ್ನು ನೋಡಿದಂತೆ.

ಇದಕ್ಕೆ ತೆರಬೇಕಾದ ಬೆಲೆ ದೂರ. ದೇವಯಾನಿ ಇರುವುದು 25 ಲಕ್ಷ ಜ್ಯೋತಿರ್ವರ್ಷದಾಚೆ, ಅಂದರೆ ಬೆಳಕಿಗೂ 25 ಲಕ್ಷ ವರ್ಷದ ಹಾದಿ. ಇಂದು ಮಿಂಚು ಬಂದರೆ, ಅದು ಹೊರಟಾಗ ಆಫ್ರಿಕಾದಲ್ಲಿ ನಮ್ಮ ಪೂರ್ವಜರು ಕಲ್ಲು ಒಡೆದು ಚೂಪು ಮಾಡುತ್ತಿದ್ದರು. ಕಳಿಸಿದವರಿಗೆ ನಮ್ಮ ಸುಳಿವೇ ಇರಲಿಲ್ಲ. ಇಡೀ ಕ್ಷೀರಪಥದಲ್ಲಿ ಯಾರಾದರೂ ಎಂದಾದರೂ ನೋಡಿಯಾರು ಎಂದು ನಂಬಿ ಕಳಿಸಿರಬೇಕು. ಆ ನಂಬಿಕೆ ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈವರೆಗೆ ಅಂಥ ಮಿಂಚು ಸಿಕ್ಕಿಲ್ಲ. ಹುಡುಕಾಟ ನಡೆದಿದೆ.

ಈ ಕಾರ್ತಿಕದಲ್ಲಿ ನೀವೂ ನೋಡಿ. ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ನಕ್ಷತ್ರ ಸೇರಿ ನೆತ್ತಿಯ ಬಳಿ ದೊಡ್ಡ ಚೌಕವಾಗುತ್ತದೆ. ಅದರ ಈಶಾನ್ಯ ಮೂಲೆಯಿಂದ ಅದೇ ದಿಕ್ಕಿಗೆ ಕಣ್ಣು ಹಾಯಿಸಿ, ಹೊಳೆಯುವ ನಕ್ಷತ್ರ ಸಿಕ್ಕೊಡನೆ ಎಡಕ್ಕೆ, ವಾಯವ್ಯಕ್ಕೆ ತಿರುಗಿ. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷ ಬೇಕು.