ಸೊಂಟವನ್ನೂ ವಿಚಾರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಇವತ್ತಿನ ಮಾತು ವ್ಯಸನಮುಕ್ತಿ ಕೇಂದ್ರಗಳಲ್ಲಿ ಉಳಿದು ಕುಡಿತ ಬಿಡುತ್ತಿರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ. ಹೇಳುವುದು ಇಷ್ಟೇ: ಕುಡಿತದ ಬಗ್ಗೆ ಕೇಳುವಾಗ ಸೊಂಟದ ಬಗ್ಗೆಯೂ ಕೇಳಿ.

ಒಬ್ಬರು ಹಮಾಲರಿದ್ದರು. 20 ವರ್ಷ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತವರು. ಮೈಕೈ ನೋವಿಗೆ ಅಂತ ಸಂಜೆ ಶುರುವಾದ ಕುಡಿತ, ಆಮೇಲೆ ಬೆಳಿಗ್ಗೆಗೂ ಬಂತು. ಕೇಂದ್ರಕ್ಕೆ ಸೇರಿದ ಮೇಲೂ ರಾತ್ರಿ ನಿದ್ದೆಯಿಲ್ಲ, ವರಾಂಡದಲ್ಲಿ ಓಡಾಟ. ಕುಡಿಯುವ ಆಸೆ ಕೆರಳಿದೆ ಅಂತ ಎಲ್ಲರೂ ಅಂದುಕೊಂಡರು. ಬುದ್ಧಿ ಹೇಳಿದ್ದೇ ಹೇಳಿದ್ದು.

ನಾನು ಹೋದಾಗ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಬಗ್ಗಲೇ ಇಲ್ಲ. ಗೋಡೆ ಹಿಡಿದು, ಹೆಬ್ಬೆರಳಿಂದ ಚಪ್ಪಲಿ ಎಳೆದುಕೊಂಡರು. ಬೆನ್ನು ಮುಟ್ಟಿದೆ, ಹಲಗೆಯ ಹಾಗೆ ಬಿಗಿದಿತ್ತು.

"ಎಣ್ಣೆ ಬಿಟ್ಟೆ ಸಾರ್, ಈ ಸೊಂಟ ನನ್ನ ಬಿಡ್ತಿಲ್ಲ" ಅಂದರು.

"ಇಲ್ಲಿ ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳಲಿಲ್ಲ."

ನೋಡಿ, ಕೇಂದ್ರಕ್ಕೆ ಸೇರಿ ಹನ್ನೆರಡು ದಿನ! ಒಬ್ಬರಾದರೂ ಕೇಳಬಾರದಿತ್ತಾ?

ಮಾಡಿದ್ದು ದೊಡ್ಡದೇನಲ್ಲ. ಕುಳಿಬಿದ್ದ ಹಾಸಿಗೆ ತೆಗೆಸಿದೆವು. ಬಿಸಿನೀರಿನ ಶಾಖ ಕೊಟ್ಟೆವು. ಬಿಗಿದ ಜಾಗವನ್ನು ಕೈಯಿಂದ ಸಡಿಲ ಮಾಡಿದೆ. ಮಲಗಿಕೊಂಡು ಮಂಡಿಯನ್ನು ಎದೆಗೆ ತರುವ ವ್ಯಾಯಾಮ, ಬೆಳಿಗ್ಗೆ ಸಂಜೆ ಕಾಂಪೌಂಡಿನೊಳಗೆ ಹತ್ತು ನಿಮಿಷ ನಡಿಗೆ. ನಾಲ್ಕನೇ ವಾರ ಅಡುಗೆಮನೆಯ ನೀರಿನ ಕೊಡವನ್ನು ಮಂಡಿ ಮಡಿಸಿ, ಬೆನ್ನು ನೇರ ಇಟ್ಟು ಎತ್ತಿದರು. ಎತ್ತಿ ನನ್ನ ಕಡೆ ನೋಡಿದರು. ಆ ಮುಖವನ್ನು ನಾನು ಮರೆತಿಲ್ಲ.

ಮಾತ್ರೆ ಕೊಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ಒಂದು ಚಟ ಬಿಡಿಸಲು ಹೋಗಿ ಇನ್ನೊಂದನ್ನು ಅಂಟಿಸುವುದಾ? ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ಸರ್ಕಾರ 2018ರಲ್ಲಿ ಮಾದಕವಸ್ತು ಕಾಯ್ದೆಯೊಳಗೆ ತಂದಿದ್ದು ಸುಮ್ನೆ ಅಲ್ಲ. ಅಮೆರಿಕದ ವೈದ್ಯರ ಸಂಘಟನೆ ಎಸಿಪಿ ಕೂಡ 2017ರಲ್ಲಿ ಅದನ್ನೇ ಹೇಳಿತು. ಸೊಂಟ ನೋವಿಗೆ ಮೊದಲು ಶಾಖ, ವ್ಯಾಯಾಮ, ಕೈಚಿಕಿತ್ಸೆ. ಮಾತ್ರೆ ಆಮೇಲೆ.

ಬೆನ್ನೆಲುಬನ್ನು ಕೈಯಿಂದ ಒತ್ತಿ ನೋವು ಇಳಿಸುವ ಕೈರೋಪ್ರಾಕ್ಟಿಕ್ ಅಮೆರಿಕದಲ್ಲಿ 1895ರಲ್ಲೇ ಹುಟ್ಟಿತು. ಸರಿಯಾಗಿ ಕಲಿತವರಿದ್ದರೆ ಅದೂ ಆಗಬಹುದು. ಆದರೆ ಕಟಿಂಗ್ ಶಾಪಿನಲ್ಲಿ ಕುತ್ತಿಗೆಯ ನೆಟಿಕೆ ತೆಗೆಸಿಕೊಳ್ಳುವುದು ಬೇಡವೇ ಬೇಡ. ರಕ್ತನಾಳ ಹರಿದು ಸ್ಟ್ರೋಕ್ ಆದವರಿದ್ದಾರೆ.

ಸಮಯ ಆಗುತ್ತಾ ಬಂತು. ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೇಂದ್ರ ನಡೆಸುವವರು ನಾಳೆ ಬರುವವರ ಹೆಸರು, ಊರು ಬರೆದುಕೊಳ್ಳುವಾಗ ಇದನ್ನೂ ಕೇಳಿ: "ಸೊಂಟ ನೋಯುತ್ತಾ ಅಣ್ಣಾ?" ನಮಸ್ಕಾರ.