ಅವರನ್ನೂ ಒಂದು ಮಾತು ಕೇಳಿ

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾವು ಹಿರಿಯರ ಕಾಲಿಗೆ ಬೀಳುತ್ತೇವೆ, ಆದರೆ ಅವರನ್ನು ಒಂದು ಮಾತು ಕೇಳುವುದಿಲ್ಲ. ಹಬ್ಬ ಬಂದರೆ ಆಶೀರ್ವಾದ ಬೇಕು. ಮನೆ ಮಾರುವ ವಿಚಾರ, ಊರು ಬಿಡುವ ವಿಚಾರ ಮಾತ್ರ ಅವರಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ.

ಯಾವುದಾದರೂ ಕ್ಲಿನಿಕ್‌ನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಎಂಬತ್ತರ ಅಜ್ಜಿ ಡಾಕ್ಟರ ಎದುರು ಕೂತಿರುತ್ತಾರೆ. ಮಗ ಪಕ್ಕದಲ್ಲಿ ಫೈಲ್ ಹಿಡಿದು ನಿಂತಿರುತ್ತಾನೆ. ಡಾಕ್ಟರು ಮಗನನ್ನು ಕೇಳುತ್ತಾರೆ, "ರಾತ್ರಿ ನಿದ್ದೆ ಮಾಡ್ತಾರಾ? ಊಟ ಸೇರುತ್ತಾ?" ಮಗನೇ ಉತ್ತರ ಕೊಡುತ್ತಾನೆ. ಅಜ್ಜಿ "ನೋವು ಮಂಡಿಯಲ್ಲಲ್ಲ ಡಾಕ್ಟ್ರೇ, ಸೊಂಟದಿಂದ ಇಳಿಯುತ್ತೆ" ಅನ್ನುವಷ್ಟರಲ್ಲಿ, "ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದದ್ದೇ" ಅಂತ ಚೀಟಿ ಬರೆದಾಗಿರುತ್ತದೆ.

ವಯಸ್ಸು ಕಾಯಿಲೆ ಅಲ್ಲ. ನೋವಿಗೆ ಕಾರಣ ಇರುತ್ತದೆ, ಎಷ್ಟೋ ಸಲ ಔಷಧಿಯೂ ಇರುತ್ತದೆ. "ಅಪ್ಪನಿಗೆ ಮರೆವು ಬಂದಿದೆ" ಅಂತ ಮನೆಯವರು ತೀರ್ಮಾನ ಮಾಡಿರುತ್ತಾರೆ. ಪರೀಕ್ಷೆ ಮಾಡಿಸಿದರೆ ಕೆಲವೊಮ್ಮೆ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೇ.

ಇನ್ನೊಂದು, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಕಥೆ. ಹಾಸನದಿಂದಲೋ ತುಮಕೂರಿನಿಂದಲೋ ಅಜ್ಜ ಅಜ್ಜಿ ಬಂದಿರುತ್ತಾರೆ, ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ. ಬೆಳಿಗ್ಗೆ ಡಬ್ಬಿ ಕಟ್ಟಬೇಕು. ಸ್ಕೂಲ್ ವ್ಯಾನ್ ಹತ್ತಿಸಬೇಕು. ಮಧ್ಯಾಹ್ನ ಮಗು ಬಂದ ಮೇಲೆ ಊಟ, ನಿದ್ದೆ, ಹೋಂವರ್ಕ್. ಮಗಳು ಅಮೆರಿಕದಲ್ಲಿದ್ದರೆ ಬಾಣಂತನಕ್ಕೆ ಆರು ತಿಂಗಳು ಅಲ್ಲಿ. ಇತ್ತ ಊರಲ್ಲಿ ಮನೆಗೆ ಬೀಗ. ಹಿತ್ತಿಲ ಗಿಡಕ್ಕೆ ನೀರಿಲ್ಲ, ಸಂಜೆ ಕಟ್ಟೆಯ ಮೇಲೆ ಜೊತೆಗೆ ಕೂರುತ್ತಿದ್ದವರೆಲ್ಲ ದೂರ. ಪ್ರೀತಿಯಿಂದಲೇ ಮಾಡುತ್ತಾರೆ, ನಿಜ. ಆದರೆ "ನಿಮಗೆ ಬರೋಕೆ ಇಷ್ಟ ಇದೆಯಾ?" ಅಂತ ಎಷ್ಟು ಮನೆಯಲ್ಲಿ ಕೇಳಿದ್ದೇವೆ? ಇಷ್ಟು ದೊಡ್ಡ ದುಡಿಮೆ ಮಾಡುವವರನ್ನು ಪರಿಚಯ ಮಾಡಿಸುವಾಗ ನಾವೇ ಹೇಳುತ್ತೇವೆ, "ಅಮ್ಮ ಸುಮ್ನೆ ಮನೆಯಲ್ಲೇ ಇರ್ತಾರೆ." ನನಗೆ ತುಂಬ ನೋವಾಗುವ ಮಾತು ಇದು.

ಇಂಥ ಮಾತು ಅವರ ಒಳಗೂ ಇಳಿಯುತ್ತದೆ. ಅಮೆರಿಕದ ಒಹಾಯೋದಲ್ಲಿ ಐವತ್ತು ದಾಟಿದವರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ 7.5 ವರ್ಷ ಜಾಸ್ತಿ ಬದುಕಿದ್ದರು. "ನನ್ನಿಂದ ಇನ್ನೇನಾಗುತ್ತೆ" ಅನ್ನುವ ಮಾತು ಅಜ್ಜಿಯ ಬಾಯಿಗೆ ಎಲ್ಲಿಂದ ಬಂತು ಅಂತ ಯೋಚಿಸಿ.

ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ದುಡ್ಡು ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅಂಕೋಲಾ ತಾಲ್ಲೂಕಿನಲ್ಲಿ ಕಾಡಿನ ಗಿಡ ಬೆಳೆಸುತ್ತಿದ್ದ ತುಳಸಿ ಗೌಡರಿಗೆ ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಅನ್ನುವುದು ಗೊತ್ತಿತ್ತು, ಓದು ಬರಹ ಇಲ್ಲದೆಯೇ. ಪ್ರಶಸ್ತಿ ಬಂದ ಮೇಲೆ ಊರೆಲ್ಲ ಕೈಮುಗಿಯಿತು. ನಮ್ಮ ಮನೆಯ ಅಜ್ಜಿಗೆ ಏನು ಗೊತ್ತು ಅಂತ ಕೇಳೋದಕ್ಕೆ ದೆಹಲಿಯಿಂದ ಪದಕ ಬರಬೇಕಾ?

ಹಾಗಂತ ಏನಾದರೂ ಗೊತ್ತಿದ್ದರೆ ಮಾತ್ರ ಬೆಲೆ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಅಜ್ಜನಿಗೂ, ಹೆಸರೇ ಮರೆತ ಅಜ್ಜಿಗೂ ಅಷ್ಟೇ ಬೆಲೆ. ಇವತ್ತು ಅನ್ನ ಬೇಕಾ ರೊಟ್ಟಿ ಬೇಕಾ ಅಂತ ಅವರನ್ನೂ ಕೇಳಬಹುದು, ಅಲ್ವಾ?

ಆಸ್ತಿ ವಿಚಾರ ಒಂದು ಹೇಳಲೇಬೇಕು. ಹಿರಿಯ ನಾಗರಿಕರಿಗಾಗಿ 2007ರಲ್ಲೇ ಕಾನೂನು ಬಂದಿದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಮನೆಯನ್ನೋ ಜಮೀನನ್ನೋ ದಾನಪತ್ರ ಮಾಡಿಕೊಟ್ಟು, ಮಕ್ಕಳು ಆಮೇಲೆ ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಕೊಡಬೇಕಾದದ್ದು ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಗೆ. ಆದರೆ ಎಷ್ಟೋ ತಂದೆತಾಯಿ ಆ ಮೆಟ್ಟಿಲು ಹತ್ತುವುದೇ ಇಲ್ಲ. "ಮಗನ ಮಾನ ಹೋಗುತ್ತೆ" ಅಂತಾರೆ. ಆದ್ದರಿಂದ ಬರೆದುಕೊಡುವಾಗಲೇ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಸೇರಿಸಿ. ಮಕ್ಕಳಾದವರೇ ಮುಂದೆ ನಿಂತು ಸೇರಿಸಲು ಹೇಳಿದರೆ ಇನ್ನೂ ಒಳ್ಳೆಯದು.

ಹಿರಿಯರ ಸಹಾಯವಾಣಿಯೂ ಇದೆ, ನಂಬರ್ 14567. ಪಿಂಚಣಿ ವಿಚಾರ ಇರಲಿ, ಕಾನೂನಿನ ಪ್ರಶ್ನೆ ಇರಲಿ, ಮನೆಯಲ್ಲಿ ಕಿರುಕುಳ ಇರಲಿ, ಕೇಳಬಹುದು. ಇವತ್ತೇ ಅವರ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಹಾಗೆ ಸೇವ್ ಮಾಡಿಕೊಡಿ. ಯಾವಾಗ ಮಾಡಬೇಕು, ಏನು ಹೇಳಬೇಕು ಅನ್ನುವುದನ್ನು ಅವರಿಗೇ ಬಿಡಿ.