ಟೈಮಿಂಗ್ ಬೆಲ್ಟ್ ಕೇಳಿದರೆ ಎಲ್ಲರೂ ‘ಇನ್ನೂ ಓಡುತ್ತದೆ ಬಿಡಿ’ ಎನ್ನುತ್ತಾರೆ

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಪಕ್ಕದ ಲೇತ್ ಅಂಗಡಿಯ ಸದ್ದು. ನಿಲ್ಲಿಸಿ ಎಂದು ಹೇಳುವಂತಿಲ್ಲ, ಅವರಿಗೂ ಕೆಲಸವಿದೆ. ಕೋಲಾರದಲ್ಲಿದ್ದೇವೆ, ಅಲ್ಲಿ ಕಾಣುತ್ತಿರುವುದು ಅಂತರಗಂಗೆ ಬೆಟ್ಟ. ಬೆಳಗ್ಗೆ ಇನ್ನೂ ಎಂಟು ಗಂಟೆಯಾಗಿಲ್ಲ, ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ಗಾಡಿ ಟಾಟಾ ಏಸ್, ಹಳೆಯ ಎರಡು ಸಿಲಿಂಡರಿನ ಡೀಸೆಲ್. ಇವತ್ತಿನ ಕೆಲಸ ಟೈಮಿಂಗ್ ಬೆಲ್ಟ್ ಬದಲಾವಣೆ. ಎಂಜಿನ್ನಿನ ಪಿಸ್ಟನ್, ವಾಲ್ವುಗಳನ್ನು ಒಂದೇ ತಾಳದಲ್ಲಿ ಇಡುವ ಹಲ್ಲಿನ ರಬ್ಬರ್ ಪಟ್ಟಿ ಅದು. ಯಾವತ್ತೋ ಆಗಬೇಕಿತ್ತು.

ಎಷ್ಟು ಹಿಂದೆ ಆಗಬೇಕಿತ್ತು ಎನ್ನುವುದಕ್ಕೆ ಇದನ್ನು ನೋಡಿ. ಕ್ಯಾಮೆರಾವನ್ನು ಮೀಟರಿನ ಹತ್ತಿರ ತರುತ್ತೇನೆ. 1,12,000 ಚಿಲ್ಲರೆ ಕಿಲೋಮೀಟರ್. ಸರಿ. ಈಗ ಬಾಗಿಲಿನ ಒಳಪಟ್ಟಿಗೆ ಬನ್ನಿ. ಹಿಂದಿನ ಮಾಲೀಕರ ಕಾಲದಲ್ಲಿ ಎಂಜಿನ್ ಆಯಿಲ್ ಬದಲಿಸಿದಾಗ ಅಂಟಿಸಿದ ಚೀಟಿ ಇಲ್ಲಿದೆ. ಮೇಲಿನ ಪದರ ಕಿತ್ತುಹೋಗಿದೆ, ಆದರೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಅಂಕಿ ಉಳಿದಿದೆ: 2,38,000. ಚೀಟಿಯ ಮೇಲೆ 2 ಲಕ್ಷದ 38 ಸಾವಿರ, ಮೀಟರಿನಲ್ಲಿ 1 ಲಕ್ಷದ 12 ಸಾವಿರ. ಮೀಟರ್ ಬದಲಾಗಿದೆ, ಅಷ್ಟೇ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿರುವುದೂ ಅದನ್ನೇ ಹೇಳುತ್ತದೆ. ಮೂರು ಲಕ್ಷ ದಾಟಿದ ಗಾಡಿ ಎಂದೇ ಇಟ್ಟುಕೊಂಡು ನಾನು ಕೆಲಸಕ್ಕೆ ಇಳಿದಿದ್ದೇನೆ.

ಗಾಡಿ ಕೊಡುವಾಗ ಆ ಮಾಲೀಕರು ‘ಬೆಲ್ಟ್ ಹೊಸದು ಹಾಕಿಸಿದ್ದೇನೆ’ ಎಂದಿದ್ದರು. ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರು ತೋರಿಸಿದ್ದು ಫ್ಯಾನ್ ಬೆಲ್ಟ್. ಹೊರಗೆ ಕಾಣುವುದು ಅದೊಂದೇ. ಬಹಳ ವರ್ಷ ದೊಡ್ಡ ಲಾರಿ ಓಡಿಸಿದವರು ಅವರು. ಅಲ್ಲಿ ಸಾಮಾನ್ಯವಾಗಿ ಟೈಮಿಂಗ್ ಗೇರ್ ಇರುತ್ತದೆ, ಉಕ್ಕಿನ ಚಕ್ರಗಳು ಎಣ್ಣೆಯಲ್ಲಿ ತಿರುಗುತ್ತಿರುತ್ತವೆ, ಅದನ್ನು ಯಾರೂ ವಿಚಾರಿಸುವುದಿಲ್ಲ. ಲಾರಿಯಿಂದ ಇಳಿದು ಈ ಚಿಕ್ಕ ಗಾಡಿ ಹಿಡಿದವರಿಗೆ, ಒಳಗೆ ಮುಚ್ಚಳದ ಹಿಂದೆ ಇನ್ನೊಂದು ರಬ್ಬರ್ ಬೆಲ್ಟ್ ಇದೆ, ಇಡೀ ಎಂಜಿನ್ನಿನ ಪ್ರಾಣ ಅದರ ಮೇಲೆ ನಿಂತಿದೆ ಎಂದು ಯಾರು ಹೇಳಿದ್ದಾರೆ? ಹಳೆಯ ಗಾಡಿ ಕೊಳ್ಳುವವರು ‘ಬೆಲ್ಟ್’ ಎಂದಷ್ಟೇ ಕೇಳಬೇಡಿ. ಯಾವ ಬೆಲ್ಟ್ ಎಂದು ಕೇಳಿ, ಬಿಲ್ ಇದೆಯೇ ಎಂದೂ ಕೇಳಿ.

ಸೀಟು ಎತ್ತಿಯಾಯಿತು. ಈ ಗಾಡಿಯಲ್ಲಿ ಎಂಜಿನ್ ನಮ್ಮ ಸೀಟಿನ ಕೆಳಗೇ ಇದೆ. ಇದು ನನಗೆ ಇಷ್ಟವಿಲ್ಲ, ನೇರವಾಗಿಯೇ ಹೇಳುತ್ತೇನೆ. ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ತೊಡೆ ಕಾದಿರುತ್ತದೆ. ಇದು ಇಂಡಿಕಾ ಕಾರಿನ 1405 ಸಿಸಿ ಡೀಸೆಲ್ ಎಂಜಿನ್ನಿನ ಅರ್ಧ, 702 ಸಿಸಿ. ನಾಲ್ಕು ಸಿಲಿಂಡರನ್ನು ಎರಡು ಮಾಡಿ 2005ರಲ್ಲಿ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಹದಿನಾರು ಅಶ್ವಶಕ್ತಿ. ಅಷ್ಟರಲ್ಲೇ ಈ ಜಿಲ್ಲೆಯ ಅರ್ಧ ಟೊಮೆಟೊ ಹೊಲದಿಂದ ಮಂಡಿಗೆ ಬಂದಿದೆ ಎಂದರೆ ನನಗೆ ಅತಿಶಯೋಕ್ತಿ ಅನ್ನಿಸುವುದಿಲ್ಲ. ಕಾಲುದಾರಿಯಂಥ ಜಾಗದಲ್ಲೂ ನುಗ್ಗುತ್ತದೆ, ತೋಟದ ಬದುವಿನವರೆಗೂ ಹೋಗುತ್ತದೆ.

ಮುಚ್ಚಳ ಬಿಚ್ಚುವುದನ್ನು ನೀವೇ ನೋಡುತ್ತಿದ್ದೀರಿ. ಅಷ್ಟರಲ್ಲಿ ಬಿಡಿಭಾಗದ ಅಂಗಡಿಯ ಕಥೆ ಹೇಳಿಬಿಡುತ್ತೇನೆ. ಅದು ಹೊಟ್ಟೆಯಲ್ಲಿ ಉರಿಯುತ್ತಿದೆ.

ನಿನ್ನೆ ಸಂಜೆ ಬೆಲ್ಟ್ ಕೊಳ್ಳಲು ಹೋದೆ. ಮೊದಲ ಅಂಗಡಿಯಲ್ಲಿ ಕೇಳಿದ ತಕ್ಷಣ ಮೊಳೆಗೆ ನೇತುಹಾಕಿದ್ದ ಒಂದನ್ನು ಎಳೆದು ಮೇಜಿನ ಮೇಲೆ ಹಾಕಿದರು. ಡಬ್ಬಿ ಇಲ್ಲ, ಬರೀ ಪ್ಲಾಸ್ಟಿಕ್ ಚೀಲ. ‘ಡಬ್ಬಿ ಎಲ್ಲಿ?’ ಎಂದರೆ ‘ಅದೇ ಕಂಪನಿ ಸರ್, ಡಬ್ಬಿ ಮಾತ್ರ ಇಲ್ಲ’ ಎಂದರು. ಬೆಲೆ 350 ರೂಪಾಯಿ. ಬೆಲ್ಟಿನ ಬೆನ್ನಿನ ಮೇಲೆ ಕಂಪನಿಯ ಹೆಸರು ಬಿಳಿ ಅಕ್ಷರದಲ್ಲಿತ್ತು. ಹೆಬ್ಬೆರಳಿನಿಂದ ಉಜ್ಜಿದೆ, ಅರ್ಧ ಹೆಸರು ಬೆರಳಿಗೆ ಬಂತು. ಹಲ್ಲುಗಳ ಅಂಚಿನಲ್ಲಿ ಅಚ್ಚಿನಿಂದ ಉಳಿದ ರಬ್ಬರಿನ ತೆಳುಪೊರೆ ಹಾಗೆಯೇ ಅಂಟಿಕೊಂಡಿತ್ತು. ಒಂದು ಕಡೆ ಒಳಗಿನ ದಾರ ಹೊರಗೆ ಇಣುಕುತ್ತಿತ್ತು. ಬಿಲ್ ಕೊಡಿ ಎಂದರೆ ‘ಬಿಲ್ ಬೇಕಾದರೆ ರೇಟು ಬೇರೆ’ ಎಂದರು. ವಾಪಸು ಕೊಟ್ಟು ಹೊರಗೆ ಬಂದೆ. ಅಂಗಡಿಯ ಹೆಸರು ಹೇಳುವುದಿಲ್ಲ. ಆದರೆ ಆ ಬೆಲ್ಟನ್ನು ಇವತ್ತು ಬೆಳಗ್ಗೆ ಯಾರೋ ಒಬ್ಬ ಬಡಪಾಯಿ ಚಾಲಕ ಕೊಂಡಿರುತ್ತಾನೆ ಎಂದು ನೆನೆದರೆ ಸಂಕಟವಾಗುತ್ತದೆ. ಫ್ಯಾನ್ ಬೆಲ್ಟ್ ನಕಲಿಯಾದರೆ ದಾರಿಯಲ್ಲಿ ನಿಲ್ಲುತ್ತೀರಿ, ಇನ್ನೊಂದು ಹಾಕಿಕೊಂಡು ಮನೆಗೆ ಬರುತ್ತೀರಿ. ಇದು ನಕಲಿಯಾದರೆ ಎಂಜಿನ್ನೇ ಬಿಚ್ಚಬೇಕು.

ಎರಡನೆಯ ಅಂಗಡಿಯವರು ಒಳ್ಳೆಯವರು. ಮೊಹರು ಒಡೆಯದ ಡಬ್ಬಿ, ಭಾಗದ ಸಂಖ್ಯೆ, ತಯಾರಾದ ತಿಂಗಳು ಎಲ್ಲವೂ ಇತ್ತು. ಬೆಲ್ಟಿಗೆ 720 ರೂಪಾಯಿ. ಆದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಇಲ್ಲ, ‘ಬೆಂಗಳೂರಿನಿಂದ ನಾಳೆ ಬರುತ್ತದೆ’ ಎಂಬ ಉತ್ತರ. ಅದಕ್ಕಾಗಿ ಮೂರನೆಯ ಕಡೆ ಅಲೆದೆ, 1,150 ರೂಪಾಯಿ. ಒಂದು ಬೇರಿಂಗಿನ ಉರುಳೆಗೆ ಇಡೀ ಬೆಲ್ಟಿಗಿಂತ ಜಾಸ್ತಿ! ಕೊಡುವಾಗ ಕೈ ಹಿಂದೆ ಮುಂದೆ ಆಡಿತು. ಈ ಗ್ಯಾರೇಜಿನ ಮೇಸ್ತ್ರಿಯೂ ಬೆಳಗ್ಗೆ ಅದನ್ನೇ ಹೇಳಿದರು: ‘ಹಳೆಯದು ಚೆನ್ನಾಗಿಯೇ ತಿರುಗುತ್ತಿರುತ್ತದೆ, ಇದನ್ನು ಯಾಕೆ ತಂದಿರಿ?’ ಸ್ವಲ್ಪ ಹೊತ್ತು ನನಗೂ ಹೌದಲ್ಲ ಎನ್ನಿಸಿತು.

ಈಗ ಅದೇ ಹಳೆಯ ಟೆನ್ಷನರ್ ನನ್ನ ಕೈಯಲ್ಲಿದೆ. ಬೆರಳಿನಿಂದ ಜೋರಾಗಿ ತಿರುಗಿಸುತ್ತೇನೆ, ಕೇಳಿ. ಆ ಒಣ ಸದ್ದು ಮೈಕಿಗೆ ಸಿಕ್ಕಿತೇ? ಒಳಗೆ ಗ್ರೀಸು ಸತ್ತುಹೋಗಿದೆ. ಗ್ರೀಸು ಇರುವ ಬೇರಿಂಗ್ ಹೀಗೆ ಗಿರಗಿರನೆ ತಿರುಗುವುದಿಲ್ಲ, ಬೆರಳಿಗೆ ಸ್ವಲ್ಪ ತಡೆ ಕೊಡುತ್ತದೆ. ‘ಚೆನ್ನಾಗಿ ತಿರುಗುತ್ತದೆ’ ಎನ್ನುವುದೇ ಇಲ್ಲಿ ಕೆಟ್ಟ ಲಕ್ಷಣ. ಇದು ಬಿಗಿದು ನಿಂತರೆ ಹೊಸ ಬೆಲ್ಟ್ ಅದರ ಮೇಲೆ ಉಜ್ಜಿ ಕರಗುತ್ತದೆ. 1,150 ದುಬಾರಿಯೇನಲ್ಲ, ಕೊಟ್ಟಿದ್ದು ಸರಿ. ಮೇಸ್ತ್ರಿಯವರೂ ಈಗ ತಲೆಯಾಡಿಸುತ್ತಿದ್ದಾರೆ.

ಬನ್ನಿ, ಹಳೆಯ ಬೆಲ್ಟ್ ಹೊರಗೆ ಬಂತು. ಇದನ್ನು ಹತ್ತಿರದಿಂದ ತೋರಿಸಬೇಕು. ಬೆನ್ನಿನ ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಆ ಹೊಳಪು ಒಳ್ಳೆಯದಲ್ಲ, ರಬ್ಬರ್ ಗಟ್ಟಿಯಾಗಿದೆ. ಈಗ ಹಿಮ್ಮುಖವಾಗಿ ಬಗ್ಗಿಸುತ್ತೇನೆ. ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕುಗಳು ಬಾಯಿ ತೆರೆಯುತ್ತವೆ, ನೋಡಿ, ಒಂದರ ಪಕ್ಕ ಒಂದು. ಈ ಅಂಚು ಬೇರೆ ನೆನೆದಂತಿದೆ. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಆಯಿಲ್ ಸೀಲ್ ಸೋರಿ ಎಣ್ಣೆ ಕುಡಿದಿದೆ. ಎಣ್ಣೆ ಬಿದ್ದ ರಬ್ಬರ್ ಊದಿಕೊಳ್ಳುತ್ತದೆ, ಹಲ್ಲು ಮೆತ್ತಗಾಗುತ್ತದೆ. ಅದಕ್ಕೆ ಸೀಲುಗಳನ್ನೂ ತಂದಿದ್ದೇನೆ. ಮುಚ್ಚಳದ ಒಂದು ಮೂಲೆ ಮುರಿದಿತ್ತು, ಅಲ್ಲಿಂದ ನಮ್ಮ ಕೆಂಪು ಮಣ್ಣು ಒಳಗೆ ನುಗ್ಗಿ ಎಣ್ಣೆಯ ಜೊತೆ ಸೇರಿ ಮುದ್ದೆಯಾಗಿ ಕೂತಿದೆ. ಚಾಕುವಿನಿಂದ ಕೆರೆದು ತೆಗೆಯುತ್ತಿದ್ದಾರೆ.

ಇದು ಓಡುತ್ತಲೇ ಇತ್ತು ಎನ್ನುವುದನ್ನು ಗಮನಿಸಿ. ಸ್ಟಾರ್ಟ್ ಆಗುತ್ತಿತ್ತು, ಎಳೆಯುತ್ತಿತ್ತು, ಹೊಗೆ ಇರಲಿಲ್ಲ. ಸವೆದ ಟೈರು ಕಣ್ಣಿಗೆ ಕಾಣುತ್ತದೆ, ಬ್ರೇಕು ಕಿರುಚುತ್ತದೆ, ಕ್ಲಚ್ಚು ಜಾರುತ್ತದೆ. ಟೈಮಿಂಗ್ ಬೆಲ್ಟ್ ಹೆಚ್ಚಾಗಿ ಏನನ್ನೂ ಹೇಳದೆ ತುಂಡಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲ. ಬೆಲ್ಟ್ ಹೋದರೆ ಕ್ಯಾಮ್ ನಿಲ್ಲುತ್ತದೆ, ತೆರೆದ ವಾಲ್ವ್ ತೆರೆದೇ ಇರುತ್ತದೆ, ಕೆಳಗಿನಿಂದ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕು, ಅದೃಷ್ಟ ಕೆಟ್ಟರೆ ಪಿಸ್ಟನ್ನೂ ಹೋಗುತ್ತದೆ. ಮೇಸ್ತ್ರಿಯ ಲೆಕ್ಕದಲ್ಲಿ 25 ಸಾವಿರದಿಂದ ಮೇಲೆ. ಅದೂ ಮಾವಿನ ಸೀಸನ್ನಿನಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಂತ ನಷ್ಟ ಬೇರೆ.

ಮಾವು ಎಂದಾಗ ನೆನಪಾಯಿತು, ಈ ಸಲ ತೋತಾಪುರಿಯ ಬಗ್ಗೆ ಬಹಳ ಜನ ಕೇಳುತ್ತಿದ್ದೀರಿ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರಿನ ಕಡೆ ನಮ್ಮ ತೋತಾಪುರಿಗೆ ತಡೆ ಬಿದ್ದಾಗ ಶ್ರೀನಿವಾಸಪುರದ ಬೆಳೆಗಾರರು ಪಟ್ಟ ಪಾಡು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಅತ್ತಲೇ ಇವೆ, ತೋತಾಪುರಿ ಬೆಳೆದವನಿಗೆ ಅದೇ ದೊಡ್ಡ ಗಿರಾಕಿ. ಇಲ್ಲಿಯೇ, ಈ ಜಿಲ್ಲೆಯಲ್ಲಿಯೇ ಸಾಕಷ್ಟು ಕಾರ್ಖಾನೆ ಇರಬೇಕಿತ್ತು ಎಂದು ನಾನು ಪ್ರತಿ ವಿಡಿಯೊದಲ್ಲಿ ಹೇಳುತ್ತೇನೆ, ಇನ್ನೂ ಹೇಳುತ್ತೇನೆ. ಟೊಮೆಟೊ ಕಥೆಯೂ ಅದೇ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು. ಅದೇ ಹಣ್ಣನ್ನು ಬೇರೆ ವರ್ಷಗಳಲ್ಲಿ ರಸ್ತೆ ಬದಿ ಸುರಿದದ್ದನ್ನೂ ನೋಡಿದ್ದೇವೆ. ಬಾಡಿಗೆ ಗಾಡಿಯವನ ಆದಾಯವೂ ಆ ಬಾಕ್ಸಿನ ಜೊತೆಗೇ ಏರಿಳಿಯುತ್ತದೆ. ಹೀಗಿರುವಾಗ... ಇರಿ, ಇರಿ, ಅಲ್ಲಿ ಗುರುತು ಹೊಂದಿಸುತ್ತಿದ್ದಾರೆ, ಇದನ್ನು ತಪ್ಪಿಸಬಾರದು.

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಪುಲ್ಲಿ ಚಿಕ್ಕದು, ಮೇಲಿನ ಕ್ಯಾಮಿನ ಪುಲ್ಲಿ ದೊಡ್ಡದು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಪುಲ್ಲಿಯ ಮೇಲೆ ಒಂದು ಚುಕ್ಕೆ, ಎಂಜಿನ್ನಿನ ಮೈಮೇಲೆ ಒಂದು ಗೀಟು, ಎರಡೂ ಎದುರು ಬದುರು ಬರಬೇಕು. ಡೀಸೆಲ್ ಪಂಪಿನದೂ ಹಾಗೆಯೇ. ಎಣ್ಣೆ ಕೊಳೆಯಲ್ಲಿ ಚುಕ್ಕೆ ಕಾಣುವುದಿಲ್ಲ, ಅದಕ್ಕೆ ಮೇಸ್ತ್ರಿ ಬಿಳಿ ಉಗುರು ಬಣ್ಣ ಹಚ್ಚಿದ್ದಾರೆ. ಬಹಳ ಇಷ್ಟವಾಯಿತು ನನಗೆ ಇದು. ಇಂಥ ಕೆಲಸವನ್ನು ದೊಡ್ಡ ವರ್ಕ್‌ಶಾಪಿನಲ್ಲೇ ಮಾಡಿಸಬೇಕು ಎಂದು ಹಿಂದೆ ವಾದಿಸುತ್ತಿದ್ದವನು ನಾನು. ಇವರ ಕೈ ನೋಡಿದ ಮೇಲೆ ಆ ವಾದ ಬಿಟ್ಟೆ. ಜಾಗ ದೊಡ್ಡದೋ ಚಿಕ್ಕದೋ ಮುಖ್ಯವಲ್ಲ, ಗುರುತು ನೋಡುವವರು ಬೇಕು.

ಬೆಲ್ಟ್ ಕೂತಿತು, ಟೆನ್ಷನರ್ ಬಿಗಿಯಾಯಿತು. ಈಗ ಸ್ಟಾರ್ಟ್ ಮಾಡಲು ಯಾರೂ ಅವಸರ ಮಾಡಬೇಡಿ. ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸುತ್ತಾರೆ, ಎಂಜಿನ್ ಓಡುವ ದಿಕ್ಕಿನಲ್ಲೇ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು, ವಾಲ್ವ್ ತಾಗುತ್ತಿದೆ ಎಂದರ್ಥ. ಒಂದು ಸುತ್ತು... ಎರಡು. ಕ್ಯಾಮಿನ ಗುರುತು ಸರಿ. ಕ್ರ್ಯಾಂಕ್ ಸರಿ. ಪಂಪಿನದು? ಒಂದು ಹಲ್ಲು ಆಚೆ ಹೋಗಿದೆ! ಬೆಲ್ಟಿನ ಸಡಿಲ ಯಾವ ಕಡೆ ಉಳಿದಿತ್ತೋ ಆ ಕಡೆ ಬಿಗಿಯುವಾಗ ಹೀಗಾಗುತ್ತದೆ. ಕೈಯಿಂದ ತಿರುಗಿಸಿ ನೋಡಿದ್ದರಿಂದಲೇ ಗೊತ್ತಾಯಿತು. ಹೀಗೆಯೇ ಮುಚ್ಚಿದ್ದರೆ ಗಾಡಿ ಓಡುತ್ತಿತ್ತು, ಆದರೆ ಡೀಸೆಲ್ ತಪ್ಪು ಗಳಿಗೆಯಲ್ಲಿ ಸಿಡಿದು ಹೊಗೆಯೋ ಬಡಿತವೋ ಶುರುವಾಗುತ್ತಿತ್ತು, ಆಮೇಲೆ ಎಲ್ಲರೂ ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿದೆ ಎನ್ನುತ್ತಿದ್ದರು. ಮತ್ತೆ ಸಡಿಲಿಸಿದರು, ಮತ್ತೆ ಹೂಡಿದರು, ಮತ್ತೆ ಎರಡು ಸುತ್ತು. ಈಗ ಮೂರೂ ಸರಿ. ಒಂದು ಮಾತೂ ಗೊಣಗದೆ ಮಾಡಿದರು, ಅದನ್ನು ಹೇಳಲೇಬೇಕು.

ಮುಚ್ಚಳ ಹಾಕುವಷ್ಟರಲ್ಲಿ ಚಾಲಕರಿಗೆ ಒಂದು ಮಾತು. ಹ್ಯಾಂಡ್ ಬ್ರೇಕ್ ಹಿಡಿಯದ ಗಾಡಿಯನ್ನು ಏರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸುತ್ತೀರಲ್ಲ, ಲೋಡಿನ ಭಾರಕ್ಕೆ ಅದು ಹಿಂದಕ್ಕೆ ಒಂದೊಂದು ಅಂಗುಲ ಜಾರಿದಾಗ ಎಂಜಿನ್ ಉಲ್ಟಾ ತಿರುಗುತ್ತದೆ. ಆಗ ಬೆಲ್ಟಿನ ಸಡಿಲ ಬರಬಾರದ ಕಡೆ ಬರುತ್ತದೆ, ಸವೆದ ಬೆಲ್ಟ್ ಹಲ್ಲು ಹಾರಿಸುತ್ತದೆ. ಬ್ಯಾಟರಿ ಸತ್ತ ಗಾಡಿಯನ್ನು ತಳ್ಳಿ ಧಡಕ್ಕನೆ ಕ್ಲಚ್ ಬಿಡುವುದೂ ಅದೇ ಅಪಾಯ. ಬೆಲ್ಟಿನ ವಯಸ್ಸು ಗೊತ್ತಿಲ್ಲದ ಗಾಡಿಯಲ್ಲಿ ಇವೆರಡನ್ನೂ ದಯವಿಟ್ಟು ಮಾಡಬೇಡಿ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ನನ್ನನ್ನು ಕೇಳುವ ಬದಲು ನಿಮ್ಮ ಗಾಡಿಯ ಪುಸ್ತಕ ತೆಗೆಯಿರಿ, ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಅಂಕಿ ಇರುತ್ತದೆ. ಕಡಿಮೆ ಓಡಿದರೂ ವರ್ಷ ಕಳೆದರೆ ರಬ್ಬರ್ ಸಾಯುತ್ತದೆ, ಅದನ್ನೂ ನೋಡಿ.

ಸ್ಟಾರ್ಟ್. ಒಂದೇ ಸಲಕ್ಕೆ ಹಿಡಿಯಿತು! ಎರಡು ಸಿಲಿಂಡರಿನ ಅದೇ ಟಕಟಕ, ಹೊಗೆ ಇಲ್ಲ. ಕೆಳಗೆ ಬಗ್ಗಿ ನೋಡಿದರು, ಸೋರಿಕೆ ಇಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಬೆಲ್ಟ್ 720, ಟೆನ್ಷನರ್ 1,150, ಎರಡು ಸೀಲು ಸೇರಿ 180, ಕೂಲಿ 1,500. ಒಟ್ಟು 3,550 ರೂಪಾಯಿ. ಮುಚ್ಚಳದ ಮುರಿದ ಮೂಲೆಗೆ ಸದ್ಯಕ್ಕೆ ತಗಡಿನ ಚೂರು ಬಿಗಿದಿದ್ದಾರೆ, ಹೊಸ ಮುಚ್ಚಳಕ್ಕೆ ಹೇಳಿಟ್ಟಿದ್ದೇನೆ, ಅದು ಬಂದಾಗ ತೋರಿಸುತ್ತೇನೆ. ಮೀಟರಿನ ಅಂಕಿಯನ್ನು ನಂಬುವ ಹಾಗಿಲ್ಲದ ಕಾರಣ ದಿನಾಂಕ, ಬೆಲ್ಟಿನ ಸಂಖ್ಯೆ ಎರಡನ್ನೂ ಮುಚ್ಚಳದ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆಸಿದ್ದೇನೆ. ನಾಳೆ ಈ ಗಾಡಿ ಯಾರ ಕೈಗೆ ಹೋದರೂ ಸೀಟು ಎತ್ತಿದರೆ ಕಾಣಬೇಕು. ವೇಮಗಲ್ ಕಡೆಯಿಂದ ಟೊಮೆಟೊ ಲೋಡಿಗೆ ಫೋನ್ ಬರುತ್ತಲೇ ಇದೆ, ಹೊರಡುತ್ತೇನೆ. ಕ್ಯಾಮೆರಾ ನಿಲ್ಲಿಸಿ.